ಬೆನ್ನಿಗೆ ಬಂದದ್ದೂ ಸ್ತನದ ಕ್ಯಾನ್ಸರೇ

ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಬೆನ್ನು ನೋವಿಲ್ಲದ ಹೆಂಗಸರೇ ಕಮ್ಮಿ. "ಮೆಟ್ಟುಗತ್ತಿ ಮುಂದೆ ಕೂತೂ ಕೂತೂ ಬೆನ್ನು ಹಿಡ್ಕೊಂಡಿದೆ ಡಾಕ್ಟ್ರೇ" ಅಂದ ಆ ಅಕ್ಕನಿಗೆ ನಾನೂ ನೋವಿನ ಮಾತ್ರೆ ಬರೆದು ಕಳಿಸಿದ್ದೆ. 3 ವಾರ ಬಿಟ್ಟು ಮತ್ತೆ ಬಂದರು. ಸೆರಗು ಸರಿಸುವಾಗ ಎದೆಯ ಎಡಗಡೆ ಹಳೆಯ ಆಪರೇಷನ್ ಗುರುತು ಕಂಡಿತು. 6 ವರ್ಷದ ಹಿಂದೆ ಕ್ಯಾನ್ಸರ್ ಆಗಿ ಸ್ತನ ತೆಗೆಸಿದ್ದರು. ನಾನು ಕೇಳಿರಲಿಲ್ಲ. ಮುಗಿದ ಕಥೆ ಅಂತ ಅವರೂ ಹೇಳಿರಲಿಲ್ಲ.

ಬೆನ್ನುಮೂಳೆಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಒಂದು ಕಡೆ ಹಲ್ಲು ಕಚ್ಚಿದರು. "ರಾತ್ರಿ ಮಲಗಿದ್ರೆ ಜಾಸ್ತಿ" ಅಂದರು. ದುಡಿಮೆಯ ನೋವು ಮಲಗಿದರೆ ಇಳಿಯಬೇಕು, ಅಲ್ವಾ? ಮೂಳೆಗೆ ಹರಡಿದ ಕ್ಯಾನ್ಸರ್, ಮೂಳೆ ಸಾಕಷ್ಟು ಸವೆಯುವ ತನಕ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಂಆರ್‌ಐಗೆ ಬರೆದೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬಂದರು. ಸೂಜಿಯಿಂದ ಮೂಳೆಯ ಚೂರು ತೆಗೆದು ಪರೀಕ್ಷೆಯೂ ಆಯಿತು. ಕ್ಯಾನ್ಸರ್ ಅಂತಲೇ ಬಂತು.

"ಹಳೇದು ಹೋಗಿ ಬೆನ್ನಿಗೆ ಬೇರೆ ಕ್ಯಾನ್ಸರ್ ಬಂತಾ?"

ಕಿಟಕಿಯಾಚೆ ಮಾವಿನ ಮರದಲ್ಲಿ ಬಂದಳಿಕೆ ಇತ್ತು, ಬೇರೆ ಮರದ ಕೊಂಬೆ ಹಿಡಿದು ಬೆಳೆಯುವ ಗಿಡ. ಅದನ್ನೇ ತೋರಿಸಿದೆ. ಹಕ್ಕಿ ಹಣ್ಣು ತಿಂದು ಬೀಜವನ್ನು ಇನ್ನೊಂದು ಕೊಂಬೆಗೆ ಅಂಟಿಸುತ್ತದೆ. ಅಲ್ಲಿ ಚಿಗುರಿದರೂ ಅದು ಬಂದಳಿಕೆಯೇ, ಮಾವಾಗುವುದಿಲ್ಲ. ಸ್ತನದ ಗಡ್ಡೆಯಿಂದ ಕಳಚಿಕೊಂಡ ಜೀವಕಣಗಳೂ ಹಾಗೆ. ಕೆಲವು ಲಿಂಫ್ ರಸ ಹರಿಯುವ ದುಗ್ಧನಾಳ ಹಿಡಿದು ಕಂಕುಳಿನ ಲಿಂಫ್ ಗಂಟುಗಳಿಗೆ ಹೋಗುತ್ತವೆ, ಕೆಲವು ರಕ್ತದಲ್ಲಿ ಸೇರುತ್ತವೆ. ಬಹುತೇಕ ಎಲ್ಲವೂ ದಾರಿಯಲ್ಲೇ ಸಾಯುತ್ತವೆ. ಉಳಿದವು ಮೂಳೆ, ಶ್ವಾಸಕೋಶ, ಲಿವರ್, ಮೆದುಳಿನಲ್ಲಿ ನೆಲೆಯೂರಬಹುದು. ವರ್ಷಗಟ್ಟಲೆ ಸುಮ್ನೆ ಮಲಗಿದ್ದು ಆಮೇಲೆ ಏಳುವುದೂ ಉಂಟು.

"ಅಡಿಕೆ ಮರದಲ್ಲಿ ಬಂದಳಿಕೆ ನೋಡಿದ್ದೀರಾ?" ಅಂತ ಕೇಳಿದೆ. ಇಲ್ಲ ಅಂದರು. ಬೀಜ ಬಿದ್ದರೆ ಸಾಲದು, ನೆಲವೂ ಒಗ್ಗಬೇಕು. ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ ಅನ್ನುವ ಸರ್ಜನ್ 1889ರಲ್ಲೇ ಸ್ತನ ಕ್ಯಾನ್ಸರಿನ ಬಗ್ಗೆ ಇದೇ ಮಾತು ಬರೆದಿದ್ದರು. ಮೂಳೆ ಈ ಕಣಗಳಿಗೆ ಒಗ್ಗುವ ನೆಲ. ಮೂಳೆ ಕರಗಿಸುವ ನಮ್ಮದೇ ಕಣಗಳನ್ನು ಅವು ಕೆರಳಿಸುತ್ತವೆ. ಮೂಳೆ ಕರಗಿದಂತೆ ಹೊರಬರುವ ಅಂಶಗಳೇ ಅವಕ್ಕೆ ಗೊಬ್ಬರ.

"ನಾನು ಹೊರೆ ಹೊತ್ತಿದ್ದಕ್ಕೆ ಹಿಂಗಾಯ್ತಾ?" ಅಂತ ಮೆಲ್ಲಗೆ ಕೇಳಿದರು. ಖಂಡಿತ ಅಲ್ಲ ಅಂತ ಎರಡು ಸಲ ಹೇಳಿದೆ.

ಬೆನ್ನಲ್ಲಿದ್ದರೂ ಸ್ತನದ ಕ್ಯಾನ್ಸರ್ ಆದ್ದರಿಂದ ಔಷಧಿಯೂ ಅದಕ್ಕೇ. ಅವರ ಕ್ಯಾನ್ಸರ್ ಹಾರ್ಮೋನ್ ಚಿಕಿತ್ಸೆಗೆ ಬಗ್ಗುವ ಬಗೆಯದು. ಮಾತ್ರೆ, ಮೂಳೆ ಗಟ್ಟಿ ಮಾಡುವ ಇಂಜೆಕ್ಷನ್, ನೋವಿಗೆ ರೇಡಿಯೇಷನ್ ಶುರುವಾಯಿತು. ಬುಡಸಮೇತ ಕೀಳಲಾಗದು, ಆದರೆ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಹಿಡಿದಿಡಬಹುದು ಅಂತ ಇದ್ದದ್ದನ್ನೇ ಹೇಳಿದೆ. ಕಾಲು ಸೋತರೆ, ಮೂತ್ರ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಹೊರಡಬೇಕು ಅಂತ ಮಗನಿಗೂ ಚೀಟಿಯಲ್ಲಿ ಬರೆದುಕೊಟ್ಟೆ.

ಈಗ ಬೆನ್ನು ನೋವು ಅಂತ ಬಂದ ಹೆಂಗಸರಿಗೆ ನಾನು ಮೊದಲು ಕೇಳುವುದು, "ಹಿಂದೆ ಎಲ್ಲಾದ್ರೂ ಗಂಟು ತೆಗೆಸಿದ್ರಾ?" ಕ್ಯಾನ್ಸರ್ ಇತ್ತಾ ಅಂದರೆ ಇಲ್ಲ ಅಂತ ತಲೆ ಅಲ್ಲಾಡಿಸಿಬಿಡುತ್ತಾರೆ. ಗಂಟು ಅಂದರೆ ನೆನಪು ಮಾಡಿಕೊಂಡು ಹೇಳುತ್ತಾರೆ.