ಭಿನ್ನ ನಂಬಿಕೆಯ ಸಹವಿಶ್ವಾಸಿಯೊಡನೆ ಚರ್ಚಿಸುವ ಬಗೆ

ಕ್ರೈಸ್ತರಾದ ನಮ್ಮ ನಡುವೆ, ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರವಾದ ದೀಕ್ಷಾಸ್ನಾನವನ್ನು ಶಿಶುಗಳಿಗೂ ಕೊಡಬಹುದೇ, ತಾವಾಗಿ ವಿಶ್ವಾಸವನ್ನು ಅರಿಕೆಮಾಡಿದವರಿಗೆ ಮಾತ್ರವೇ ಎಂಬ ಚರ್ಚೆ ಎದ್ದಾಗ, ಎದುರಿನವರು ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಒಪ್ಪುವಷ್ಟು ನ್ಯಾಯವಾಗಿ ಅವರ ನಿಲುವನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ. ಆ ಒಪ್ಪಿಗೆ ಸಿಗುವ ತನಕ ಉತ್ತರ ಕೊಡಬೇಡಿ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ನಿಯಮವಿಲ್ಲ, ಏಕೆಂದರೆ ನಾವು ಎಷ್ಟೋ ಸಲ ಯಾರೂ ಹಿಡಿಯದ ನಿಲುವಿನ ಮೇಲೆ ಜಗಳವಾಡುತ್ತೇವೆ.

ಬಳಿಕ ಒಮ್ಮತವಿರುವ ವಿಷಯಗಳನ್ನು ಬರೆದಿಡಿ. 1529ರಲ್ಲಿ ಮಾರ್ಬುರ್ಗ್‌ನಲ್ಲಿ ಸೇರಿದ ಸಭಾ ಸುಧಾರಕರಾದ ಲೂಥರ್ ಮತ್ತು ಜ್ವಿಂಗ್ಲಿ ನಂಬಿಕೆಯ 15 ಅಂಶಗಳ ಪೈಕಿ 14ನ್ನು ಒಪ್ಪಿದರು; ಪ್ರಭುಭೋಜನದ ರೊಟ್ಟಿ-ದ್ರಾಕ್ಷಾರಸದಲ್ಲಿ ಕ್ರಿಸ್ತನು ದೈಹಿಕವಾಗಿ ಇರುತ್ತಾನೆಯೇ ಎಂಬ ಒಂದೇ ಪ್ರಶ್ನೆಯಲ್ಲಿ, ದುಃಖದ ಸಂಗತಿಯೆಂದರೆ, ದಾರಿಗಳು ಕವಲೊಡೆದವು. ಉಳಿದ ಭೇದವನ್ನು ಮುಚ್ಚಿಡುವುದೂ ಬೇಡ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ನೀತೀಕರಣ (ದೇವರು ಪಾಪಿಯನ್ನು ನೀತಿವಂತನಾಗಿ ಸ್ವೀಕರಿಸುವುದು) ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದಾಗ, ಬಾಕಿ ಇದ್ದ ಭಿನ್ನತೆಗಳನ್ನು ಅದೇ ಘೋಷಣೆಯಲ್ಲಿ ದಾಖಲಿಸಿದವು.

ಆಹಾರ, ವಿಶೇಷ ದಿನಗಳ ಆಚರಣೆಯಂಥ ವಿಷಯವಾದರೆ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯವನ್ನು ಇಬ್ಬರೂ ಜೊತೆಯಲ್ಲಿ ಓದಿ. ಮಾತು ಬಿಸಿಯಾದರೆ ಅಲ್ಲಿಗೇ ನಿಲ್ಲಿಸಿ, ಕರ್ತನ ಪ್ರಾರ್ಥನೆಯನ್ನು ಒಟ್ಟಾಗಿ ಹೇಳಿ ಬೀಳ್ಕೊಳ್ಳಿ.