ಮೊಳೆಯದ ಲೆಟಿಸ್ ಮೂರನೇ ಸಲಕ್ಕೆ ಮೊಳೆಯಿತು

ಚಳಿ ಶುರುವಾಗುವ ಮುಂಚೆ ಕೊಯ್ಯೋಣ ಅಂತ ಬೇಸಿಗೆಯ ಕೊನೆಯಲ್ಲಿ ಲೆಟಿಸ್ ಬಿತ್ತಿದೆ. ಎರಡು ಸಲವೂ ಒಂದು ಮೊಳಕೆಯೂ ಬರಲಿಲ್ಲ. ಬೀಜ ಹಳೆಯದಿರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಮಣ್ಣೇ ಜಾಸ್ತಿ ಬಿಸಿ ಇತ್ತು. 27-30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಬೀಜ ಸುಮ್ನೆ ನಿದ್ದೆ ಹೋಗುತ್ತದೆ.

ಮೂರನೇ ಸಲ, ಹಳೆಯ ಟೊಮೆಟೊ ಗಿಡ ಕಿತ್ತ ಜಾಗಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ, ಸಂಜೆ ಮಣ್ಣು ಪೂರ್ತಿ ತೋಯುವಂತೆ ನೀರು ಹಾಕಿ, ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಸವರಿ (ಆಳಕ್ಕೆ ಹೋದರೆ ಮೊಳೆಯುವುದು ಕಷ್ಟ), ಒದ್ದೆ ಗೋಣಿಚೀಲ ಹೊದಿಸಿದೆ. ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ನಾಲ್ಕನೇ ದಿನ ಹಸಿರು ಚುಕ್ಕೆಗಳು! ಎಷ್ಟು ಖುಷಿಯಾಯಿತು ಗೊತ್ತಾ? ಚೀಲವನ್ನು ಆಗಲೇ ತೆಗೆಯಬೇಕು, ತಡವಾದರೆ ಸಸಿ ಬಿಳಚಿಕೊಳ್ಳುತ್ತದೆ. ಆಮೇಲೆ ಒಂದು ವಾರ ಮಧ್ಯಾಹ್ನ ಮಾತ್ರ ನೆರಳಿಗೆ ಬಟ್ಟೆ ಕಟ್ಟಿದೆ.