ಕ್ರೂಸರ್ ಕಿಟಕಿ: ಕೊರೊನಾ ಕಾಲದಲ್ಲಿ ನಾವು ಖೋ ಖೋ ಆಡಿದ್ದು

ನಮ್ಮ ಕಾಲೇಜು ಮೈದಾನದ ಮೂಲೆಯಲ್ಲಿ ಒಂದು ಬೇವಿನ ಮರ ಇದೆ. ಅದರ ಬುಡದಲ್ಲಿ ಒಂದು ಮಣ್ಣಿನ ಹರವಿ, ಹರವಿಯ ಮೇಲೆ ಒಂದು ಸ್ಟೀಲ್ ಲೋಟ. ಪ್ರಾಕ್ಟೀಸ್ ಮುಗಿಸಿ ಬಂದ ಮೂವತ್ತು ಹುಡುಗಿಯರು ಅದೇ ಲೋಟದಲ್ಲಿ ನೀರು ಕುಡಿಯುತ್ತಿದ್ದರು. ನಾನೂ ಕುಡಿಯುತ್ತಿದ್ದೆ. 2020ರ ನವೆಂಬರ್ 17ರಂದು ರಾಜ್ಯದಲ್ಲಿ ಡಿಗ್ರಿ ಕಾಲೇಜುಗಳು ಮತ್ತೆ ತೆರೆದವಲ್ಲ, ಅವತ್ತು ನಾನು ಮಾಡಿದ ಮೊದಲ ಕೆಲಸ ಆ ಹರವಿಯನ್ನು ಎತ್ತಿಕೊಂಡು ಹೋಗಿ ಸ್ಟೋರ್ ರೂಮಿನಲ್ಲಿ ಇಟ್ಟಿದ್ದು.

ಹಾವೇರಿ ಜಿಲ್ಲೆಯ ಸಣ್ಣ ಊರಿನ ಕಾಲೇಜು ನಮ್ಮದು. ನಾನು ಇಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಅವತ್ತು ಬಂದವರು ಫೈನಲ್ ಇಯರ್ ಮಕ್ಕಳು ಮಾತ್ರ. ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟು, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಎರಡನ್ನೂ ಗೇಟಿನಲ್ಲಿ ತೋರಿಸಿ ಒಳಗೆ ಬರಬೇಕಿತ್ತು. ನಮ್ಮ ಖೋ ಖೋ ಹುಡುಗಿಯರು ಕ್ಲಾಸಿಗೆ ಹೋಗುವ ಮೊದಲು ನನ್ನ ರೂಮಿಗೆ ಬಂದರು.

"ಮೇಡಂರೀ, ಈ ವರ್ಷ ಟೂರ್ನಮೆಂಟ್ ಐತೇನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಿನ್ಸಿಪಾಲರನ್ನು ಕೇಳಿದರೆ ಅವರು ನನ್ನನ್ನೇ ಕೇಳಿದರು. "ಪಾಠ ನಡಸೋದ ಕಷ್ಟ ಆಗೇತಿ. ಆಟ ಒಂದ್ ವರ್ಷ ಬಿಟ್ರ ಏನಾಗತೈತ್ರಿ ಮೇಡಂ?"

ಏನಾಗುತ್ತೆ ಅನ್ನೋದು ನನಗೆ ಆಗಲೇ ಗೊತ್ತಾಗಿತ್ತು. ನಮ್ಮ ತಂಡದಲ್ಲಿ ಒಬ್ಬಳು ಚೇಸರ್, ಅಂದರೆ ಬೆನ್ನಟ್ಟಿ ಮುಟ್ಟುವವಳು, ಇದ್ದಳು. ಕಂಬ ಹಿಡಿದು ಪೋಲ್ ಡೈವ್ ಹೊಡೆದಳು ಅಂದರೆ ರನ್ನರ್ ತಪ್ಪಿಸಿಕೊಳ್ಳೋದು ಕನಸಿನ ಮಾತು. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದಾಗ ಎರಡನೇ ವರ್ಷದಲ್ಲಿದ್ದಳು. ಜೂನ್‌ನಲ್ಲಿ ಮೊಬೈಲಿಗೆ ಅವಳ ಮದುವೆ ಕಾರ್ಡ್ ಬಂತು. ಮದುವೆಗೆ 50 ಜನಕ್ಕಿಂತ ಜಾಸ್ತಿ ಸೇರುವಂತಿಲ್ಲ ಅಂತ ಆಗ ನಿಯಮ ಇತ್ತು. ಖರ್ಚು ಉಳಿಯುತ್ತೆ ಅಂತ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಗಡಿಬಿಡಿಯಲ್ಲಿ ಮದುವೆ ಮುಗಿಸಿದರು. ಅವಳ ಅಪ್ಪನಿಗೆ ಫೋನ್ ಮಾಡಿದೆ. "ಕಾಲೇಜೂ ಇಲ್ಲ, ಆಟಾನೂ ಇಲ್ಲ. ಮನ್ಯಾಗ ಕುಂತು ಏನ್ ಮಾಡ್ತಾಳ್ರೀ?" ಅಂದರು. ನನಗೆ ಮಾತು ಹೊರಡಲಿಲ್ಲ.

ಆಟ ಅಂದರೆ ಬರೀ ಆಟ ಅಂದುಕೊಂಡವರಿಗೆ ಇದನ್ನೆಲ್ಲ ಹೇಳಲೇಬೇಕು. ನಮ್ಮ ಹುಡುಗಿಯರಿಗೆ ವಿಶ್ವವಿದ್ಯಾಲಯದ ತಂಡಕ್ಕೆ ಸೆಲೆಕ್ಟ್ ಆಗಿ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಡಿದರೆ ಮಾತ್ರ ಮುಂದಿನ ದಾರಿ. ಅಲ್ಲಿ ಗೆದ್ದರೆ ಕ್ರೀಡಾ ಕೋಟಾದ ಕೆಲಸಕ್ಕೆ ಬೇಕಾದ ಫಾರಂ-3 ಅನ್ನುವ ಪ್ರಮಾಣಪತ್ರ ಸಿಗುತ್ತೆ. ಆಡಲು ವಯಸ್ಸಿನ ಮಿತಿ 25. ಫೈನಲ್ ಇಯರ್ ಹುಡುಗಿಯ ಒಂದು ವರ್ಷ ಹೋಯಿತು ಅಂದರೆ ಅದು ಮತ್ತೆ ಬರೋದಿಲ್ಲ.

ಹಾಗಂತ ಕಣ್ಣು ಮುಚ್ಚಿಕೊಂಡು ಆಡಿಸೋಕೂ ಆಗಲ್ಲ. ಎಲ್ಲರ ಮನೆಯಲ್ಲೂ ಅಜ್ಜ ಅಜ್ಜಿ ಇದ್ದರು. ಒಬ್ಬಳ ತಾಯಿ ಬಂದು, "ನನಗ ಶುಗರ್ ಐತ್ರಿ ಮೇಡಂ, ಹುಡುಗಿ ಆಡ್ಲಿ, ಆದ್ರ ನೀವ ನೋಡ್ಕೋಬೇಕು" ಅಂದರು. ಅವರು ಹಾಗೆ ಹೇಳಿ ಹೋದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಒಂದು ಭಾನುವಾರ ನೋಟ್‌ಬುಕ್ ಹಿಡಿದು ಕೂತೆ. ಒಂದೊಂದು ಆಟಕ್ಕೆ ಒಂದೊಂದು ಹಾಳೆ. ಯಾರ ಉಸಿರು ಯಾರ ಮುಖಕ್ಕೆ, ಎಷ್ಟು ಹೊತ್ತು? ಅಷ್ಟೇ ಪ್ರಶ್ನೆ. ಹತ್ತಿರದಲ್ಲಿ 15 ನಿಮಿಷ ಜೊತೆಗಿದ್ದವರನ್ನು ಆಗ ಪ್ರಾಥಮಿಕ ಸಂಪರ್ಕ ಅಂತ ಲೆಕ್ಕ ಹಾಕುತ್ತಿದ್ದರು. ಅದನ್ನೇ ಅಳತೆ ಇಟ್ಟುಕೊಂಡೆ.

ಓಟ ಮೊದಲ ಹಾಳೆಯಲ್ಲೇ ಪಾಸಾಯಿತು. ಬೆಳಗಿನ ಜಾವ ಕೆರೆ ಏರಿಯ ಮೇಲೆ ಒಬ್ಬರ ಹಿಂದೆ ಒಬ್ಬರು ದೂರ ದೂರ ಓಡಿದರೆ ಯಾವ ತೊಂದರೆಯೂ ಇಲ್ಲ. ವಾಲಿಬಾಲ್‌ನಲ್ಲಿ ನಡುವೆ ನೆಟ್ ಇದೆ. ಚೆಂಡು ಮಾತ್ರ ಎಲ್ಲರ ಕೈಗೂ ಹೋಗುತ್ತೆ. ಕೈ ತೊಳೆದರೆ ಸರಿ. ಕಬಡ್ಡಿ ಹಾಳೆ ಬರೆಯುವಾಗ ಮಾತ್ರ ಕೈ ನಿಂತಿತು. ರೈಡರ್ 30 ಸೆಕೆಂಡ್ ತನಕ ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುತ್ತಾ ಎದುರಾಳಿಗಳ ಮುಖದ ಹತ್ತಿರ ಹೋಗಬೇಕು. ಎದುರಿನವರು ಕೈ ಕೈ ಹಿಡಿದು ಸರಪಳಿ ಮಾಡಿಕೊಂಡು ನಿಂತಿರುತ್ತಾರೆ. ಹಿಡಿದರೆ ನಾಲ್ಕೈದು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಉಸಿರಿನಿಂದ ಹರಡುವ ರೋಗ ಇರುವಾಗ ಇದಕ್ಕಿಂತ ಕಷ್ಟದ ಆಟ ಬೇರೆ ಇಲ್ಲ. ಕಬಡ್ಡಿ ಹುಡುಗಿಯರಿಗೆ ಫಿಟ್‌ನೆಸ್ ಮತ್ತು ಫುಟ್‌ವರ್ಕ್ ಮಾತ್ರ ಅಂತ ಹೇಳಿದೆ. ಇಬ್ಬರು ಅತ್ತರು. ಇವತ್ತಿಗೂ ಆ ನಿರ್ಧಾರ ಸರಿ ಅಂತಲೇ ನನ್ನ ಅಭಿಪ್ರಾಯ.

ಖೋ ಖೋ ಹಾಳೆ ಬರೆಯುವಾಗ ಖುಷಿಯಾಯಿತು. 'ಎರಡು ಗಜ ದೂರ' ಅಂತ ಊರೆಲ್ಲ ಗೋಡೆ ಬರಹ ಬರೆಸಿದ್ದರಲ್ಲ, ಖೋ ಖೋದಲ್ಲಿ ಒಂದು ಚೌಕಕ್ಕೂ ಇನ್ನೊಂದು ಚೌಕಕ್ಕೂ ನಡುವೆ ಮೊದಲಿನಿಂದಲೂ ಎರಡು ಮೀಟರಿಗಿಂತ ಜಾಸ್ತಿ ಜಾಗ ಇದೆ. ಅದರ ಮೇಲೆ ಒಬ್ಬಳು ಈ ಕಡೆ ಮುಖ ಮಾಡಿ ಕೂತರೆ ಪಕ್ಕದವಳು ಆ ಕಡೆ. 'ಖೋ' ಕೊಡುವಾಗ ಮುಟ್ಟೋದು ಬೆನ್ನನ್ನು. ಚೇಸರ್ ಕೈಗೆ ರನ್ನರ್ ಸಿಗೋದು ಒಂದೆರಡು ಸೆಕೆಂಡ್ ಅಷ್ಟೇ. ಅದೂ ಬಯಲಿನಲ್ಲಿ. ನಮ್ಮ ಹಿರಿಯರ ಆಟ ಇಂಥ ಕಾಲಕ್ಕೂ ಹೊಂದಿಕೊಳ್ಳುತ್ತೆ ಅಂತ ಪ್ರಿನ್ಸಿಪಾಲರಿಗೆ ಹಾಳೆ ತೋರಿಸಿದೆ. ಎರಡು ಸಲ ಓದಿ ಸಹಿ ಹಾಕಿದರು.

2021ರ ಜನವರಿ 15ರಿಂದ ಉಳಿದ ವರ್ಷದವರೂ ಬಂದರು. ಹುಡುಗಿಯರನ್ನು ಎರಡು ಬ್ಯಾಚ್ ಮಾಡಿದೆ. ಒಂದು ಬ್ಯಾಚಿನವರು ಇನ್ನೊಂದರ ಜೊತೆ ಸೇರುವಂತಿಲ್ಲ. ಬೇವಿನ ಮರದ ಕೆಳಗೆ ಸುಣ್ಣದ ಪುಡಿಯಲ್ಲಿ ದೂರ ದೂರ ವೃತ್ತ ಹಾಕಿ, ಕೂರುವುದಾದರೆ ಅದರೊಳಗೇ ಕೂರಬೇಕು ಅಂದೆ. ಸ್ಯಾನಿಟೈಸರ್ ಕೊಳ್ಳಲು ದುಡ್ಡಿರಲಿಲ್ಲ. ಹಳೆ ಕಾಲುಚೀಲದಲ್ಲಿ ಸೋಪು ಹಾಕಿ ನಲ್ಲಿಗೆ ಕಟ್ಟಿದೆ. ಜಾರಿ ಕೆಳಗೆ ಬೀಳಲ್ಲ, ಒಂದು ಸೋಪು ಬಹಳ ದಿನ ಬರುತ್ತೆ. ಸೀಟಿ ಊದೋದು ಬಿಟ್ಟು ಸ್ಟೀಲ್ ತಾಟಿಗೆ ಚಮಚದಿಂದ ಬಡಿದೆ. ಓಡುವಾಗ ಮಾಸ್ಕ್ ಬೇಡ, ಕೂತಾಗ ಮತ್ತು ಮಾತಾಡುವಾಗ ಬೇಕೇ ಬೇಕು ಅಂತ ನಿಯಮ ಮಾಡಿದೆ.

ಜ್ವರ ನೋಡುವ ಗನ್ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಚಳಿಗಾಲದ ಬೆಳಗ್ಗೆ 6 ಗಂಟೆಗೆ ಸೈಕಲ್ ಮೇಲೆ ಬಂದವಳ ಹಣೆಗೆ ಹಿಡಿದರೆ 33 ಡಿಗ್ರಿ ಅನ್ನುತ್ತಿತ್ತು. ಗಾಳಿಗೆ ಹಣೆ ತಣ್ಣಗಾಗಿರುತ್ತೆ, ಅಲ್ವಾ? ಅದನ್ನು ಬದಿಗಿಟ್ಟು ಬಾಯಿಮಾತಿನಲ್ಲೇ ಕೇಳಲು ಶುರು ಮಾಡಿದೆ. ಗಂಟಲು ನೋವಾ, ಮೈ ಕೈ ನೋವಾ, ಮನೆಯಲ್ಲಿ ಯಾರಾದರೂ ಮಲಗಿದ್ದಾರಾ? ಹೌದು ಅಂದವರನ್ನು ಮನೆಗೆ ಕಳಿಸುತ್ತಿದ್ದೆ, ಹಾಜರಿ ಮಾತ್ರ ಹಾಕಿಕೊಳ್ಳುತ್ತಿದ್ದೆ. ಹಾಜರಿ ಹೋಗಲ್ಲ, ತಂಡದಿಂದ ಹೆಸರು ತೆಗೆಯಲ್ಲ ಅಂತ ನಂಬಿಕೆ ಬಂದ ಮೇಲೆ ಅವರು ನಿಜ ಹೇಳತೊಡಗಿದರು. ನಾನು ಕಲಿತದ್ದರಲ್ಲಿ ಬಹಳ ಕೆಲಸಕ್ಕೆ ಬಂದದ್ದು ಇದೇ.

ಎರಡು ತಿಂಗಳು ಯಾರಿಗೂ ಏನೂ ಆಗಲಿಲ್ಲ. ಧೈರ್ಯ ಬಂತು. ಮಾರ್ಚ್ ನಡುವೆ ಪಕ್ಕದ ತಾಲ್ಲೂಕಿನ ಕಾಲೇಜಿನ ಜೊತೆ ಒಂದು ಸ್ನೇಹ ಪಂದ್ಯ ಇಟ್ಟುಕೊಂಡೆವು. ಪ್ರೇಕ್ಷಕರಿಲ್ಲ, ಕೈ ಕುಲುಕುವುದಿಲ್ಲ, ಎರಡು ತಂಡಕ್ಕೂ ಬೇರೆ ಬೇರೆ ಮರದ ನೆರಳು. ಮೈದಾನದಲ್ಲಿ ಎಲ್ಲ ಪದ್ಧತಿಯ ಪ್ರಕಾರವೇ ನಡೆಯಿತು. ಗೆದ್ದೆವು ಕೂಡ.

ತಪ್ಪಾದದ್ದು ವಾಪಸ್ ಬರುವಾಗ. ದುಡ್ಡು ಉಳಿಸಲು ನಾನು ಒಂದೇ ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿದ್ದೆ. ಹನ್ನೆರಡು ಹುಡುಗಿಯರು, ನಾನು, ಡ್ರೈವರ್, ಮೇಲೆ ಬ್ಯಾಗುಗಳು. ಧೂಳು ಬರುತ್ತೆ ಅಂತ ಗಾಜು ಏರಿಸಿದರು. ಗೆದ್ದ ಖುಷಿಯಲ್ಲಿ ಮಾಸ್ಕ್ ಗದ್ದಕ್ಕೆ ಇಳಿಸಿ ಒಂದು ಗಂಟೆ ಹಾಡಿದರು. ಒಂದು ವರ್ಷದ ನಂತರ ಅವರು ಹಾಗೆ ನಗುವುದನ್ನು ನೋಡಿ ನಾನೂ ಸುಮ್ನೆ ಕೂತೆ.

ನಾಲ್ಕನೇ ದಿನ ಹಿಂದಿನ ಸೀಟಿನವಳಿಗೆ ಜ್ವರ. ವಾರದೊಳಗೆ ನಾಲ್ಕು ಜನಕ್ಕೆ ಪಾಸಿಟಿವ್. ಯಾರು ಎಲ್ಲಿ ಕೂತಿದ್ದರು ಅಂತ ಹಾಳೆಯ ಮೇಲೆ ಬರೆದು ನೋಡಿದೆ. ನಾಲ್ವರೂ ಹಿಂದೆ ಎದುರುಬದುರು ಕೂತವರು. ಎದುರಾಳಿ ತಂಡದಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಎರಡು ತಿಂಗಳು ಸುಣ್ಣದಲ್ಲಿ ವೃತ್ತ ಎಳೆದವಳು ಗಾಡಿಯ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಆ ನಾಲ್ವರಲ್ಲಿ ಒಬ್ಬಳ ತಂದೆಗೆ ಹತ್ತಿ, ಜಿಲ್ಲಾಸ್ಪತ್ರೆಯಲ್ಲಿ ಎಂಟು ದಿನ ಆಕ್ಸಿಜನ್ ಮೇಲಿದ್ದರು. ವಾಪಸ್ ಬಂದರು, ದೇವರು ದೊಡ್ಡವನು. ನಾನು ಅವರ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು ಕ್ಷಮೆ ಕೇಳಿದೆ. "ಒಳಗ ಬರ್ರಿ ಮೇಡಂ" ಅಂದರು. ಆ ಮನೆಯವರ ದೊಡ್ಡತನವನ್ನು ನಾನು ಮರೆಯೋದಿಲ್ಲ.

ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಎಲ್ಲ ಮತ್ತೆ ಮುಚ್ಚಿತು. ಆ ದಿನಗಳ ಬಗ್ಗೆ ಬರೆಯಲು ಮನಸ್ಸಿಲ್ಲ.

ಜುಲೈ 26ಕ್ಕೆ ಕಾಲೇಜು ತೆರೆದಾಗ ಕನಿಷ್ಠ ಒಂದು ಡೋಸ್ ಲಸಿಕೆ ಆಗಿರಬೇಕು ಅಂತ ನಿಯಮ ಬಂತು. ಮುಟ್ಟಿನ ದಿನಗಳಲ್ಲಿ ಲಸಿಕೆ ತಗೋಬಾರದು ಅಂತ ಹುಡುಗಿಯರ ಮೊಬೈಲಿನಲ್ಲಿ ಸುಳ್ಳು ಸುದ್ದಿ ಓಡಾಡುತ್ತಿತ್ತು. ಗಂಡಸರು ಹೇಳಿದರೆ ಅವರು ಕೇಳುತ್ತಿರಲಿಲ್ಲ. ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ, ಆಶಾ ಕಾರ್ಯಕರ್ತೆಯನ್ನು ಕರೆಸಿದೆ. ಲಸಿಕೆ ಆದ ಮೇಲೆ ಎರಡು ದಿನ ಮೈದಾನಕ್ಕೆ ರಜೆ.

ಕೊರೊನಾ ಬಂದು ಹೋದವರನ್ನು ಮತ್ತೆ ಓಡಿಸೋದು ಬೇರೆಯೇ ಕೆಲಸ. ಹೃದಯದ ಸ್ನಾಯುವಿಗೆ ಉರಿಯೂತ ಆಗಬಹುದು, ಅವಸರ ಮಾಡಬೇಡಿ ಅಂತ ಕ್ರೀಡಾ ವೈದ್ಯರು ಹೇಳುತ್ತಿದ್ದರು. ಕನಿಷ್ಠ 10 ದಿನ ವಿಶ್ರಾಂತಿ, ಲಕ್ಷಣಗಳೆಲ್ಲ ಹೋದ ಮೇಲೆ 7 ದಿನ ಕಾಯುವುದು, ಆಮೇಲೆ ನಡಿಗೆ, ಆಮೇಲೆ ನಿಧಾನ ಓಟ. ನಾನು ಎಲ್ಲರಿಗೂ ನಾಡಿ ನೋಡಿಕೊಳ್ಳೋದು ಕಲಿಸಿದೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ ಬರೆಯಬೇಕು. ಹಿಂದಿನ ಸೀಟಿನ ಆ ಹುಡುಗಿಗೆ ಮೊದಲು 64 ಇರುತ್ತಿದ್ದದ್ದು ಈಗ 92. ಆದರೂ "ಆರಾಮ ಅದೀನ್ರಿ" ಅನ್ನುತ್ತಿದ್ದಳು. ಇಸಿಜಿ ಮಾಡಿಸಿದೆವು, ನಾರ್ಮಲ್ ಬಂತು. ಆದರೂ ನಾನು ಬಿಡಲಿಲ್ಲ. ನಾಡಿ 70ರ ಒಳಗೆ ಬರಲು ಆರು ವಾರ ಹಿಡಿಯಿತು. ಆರು ವಾರ ನನ್ನ ಮೇಲೆ ಮುನಿಸಿಕೊಂಡೇ ಇದ್ದಳು.

2021ರ ನವೆಂಬರ್ ಕೊನೆಗೆ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ 250ಕ್ಕೂ ಹೆಚ್ಚು ಜನರಿಗೆ ಒಟ್ಟಿಗೆ ಸೋಂಕು ಕಾಣಿಸಿತು. ಬಹುಪಾಲು ಜನ ಎರಡೂ ಡೋಸ್ ತಗೊಂಡವರು. ಕಾಲೇಜಿನ ಒಂದು ಸಮಾರಂಭದಿಂದ ಹರಡಿತು ಅಂತ ಪತ್ರಿಕೆಗಳಲ್ಲಿ ಬಂತು. ಅಂತರ ಕಾಲೇಜು ಪಂದ್ಯಗಳ ಸಮಯ ಅದೇ. ಹೋಗೋದು ಬೇಡ ಅಂದರು ಕೆಲವು ಸಹೋದ್ಯೋಗಿಗಳು. ಆ ಸುದ್ದಿ ಓದಿ ನನಗೆ ನೆನಪಾದದ್ದು ಕ್ರೂಸರ್. ಮುಚ್ಚಿದ ಜಾಗ, ಗುಂಪು, ಹಾಡು, ಊಟ. ಅದೊಂದನ್ನು ಬಿಗಿ ಮಾಡಿದರೆ ಹೋಗಬಹುದು ಅಂತ ನಾನು ಹಟ ಹಿಡಿದೆ.

ಈ ಸಲ ಎರಡು ಗಾಡಿ. ಎರಡನೆಯದರ ಬಾಡಿಗೆ ಹಳೆ ವಿದ್ಯಾರ್ಥಿಗಳು ಕೊಟ್ಟರು. ಕಿಟಕಿ ಪೂರ್ತಿ ತೆಗೆದಿರಬೇಕು, ಯಾರು ಎಲ್ಲಿ ಕೂರುತ್ತಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ಮೊದಲೆಲ್ಲ ಕೂಟಕ್ಕೆ ಹೋದರೆ ಒಂದೇ ಹಾಲ್‌ನಲ್ಲಿ ಸಾಲಾಗಿ ಜಮಖಾನ ಹಾಸಿ ಮಲಗುತ್ತಿದ್ದೆವು. ಈ ಸಲ ನಸುಕಿನಲ್ಲಿ ಹೊರಟು ಅದೇ ರಾತ್ರಿ ವಾಪಸ್. ಸಾಲಿನಲ್ಲಿ ನಿಂತು ಊಟ ಮಾಡೋದು ಬೇಡ ಅಂತ ಮನೆಯಿಂದಲೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಯಲಿನಲ್ಲಿ ಕೂತು ತಿಂದೆವು.

ಅದೇ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಪ್ರೊ ಕಬಡ್ಡಿ ಶುರುವಾಯಿತು. ಪ್ರೇಕ್ಷಕರಿಲ್ಲದೆ, ಎಲ್ಲ ತಂಡಗಳನ್ನೂ ಹೊರಗಿನವರ ಸಂಪರ್ಕ ಇಲ್ಲದ ಬಯೋಬಬಲ್‌ನಲ್ಲಿಟ್ಟು, ಒಂದೇ ಜಾಗದಲ್ಲಿ ಆಡಿಸಿದರು. "ಅವ್ರು ಆಡ್ತಾರ, ನಾವ್ಯಾಕ ಆಡಬಾರದ್ರಿ?" ಅಂತ ನಮ್ಮ ಕಬಡ್ಡಿ ಹುಡುಗಿಯರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಅವರು ಹೋಟೆಲನ್ನೇ ಕೋಟೆ ಮಾಡಿಕೊಂಡು ಮೇಲಿಂದ ಮೇಲೆ ಟೆಸ್ಟ್ ಮಾಡಿಸುತ್ತಿದ್ದರು. ಅಷ್ಟು ಮಾಡಿಯೂ ಜನವರಿಯಲ್ಲಿ ಸೋಂಕು ಒಳಗೆ ಬಂದು ಕೆಲವು ಪಂದ್ಯಗಳನ್ನು ಮುಂದೆ ಹಾಕಬೇಕಾಯಿತು. ನಮ್ಮ ಹುಡುಗಿ ಸಂಜೆ ಮನೆಗೆ ಹೋಗಿ ಎಮ್ಮೆ ಹಾಲು ಕರೆಯಬೇಕು, ಅಜ್ಜಿಗೆ ಊಟ ಕೊಡಬೇಕು. ಅವಳ ಸುತ್ತ ಯಾವ ಕೋಟೆ ಕಟ್ಟಲಿ? ಎರಡನೇ ಡೋಸ್ ಎಲ್ಲರಿಗೂ ಮುಗಿದು, ಆ ಚಳಿಗಾಲದ ಅಲೆ ಇಳಿದ ಮೇಲೆ, ಫೆಬ್ರವರಿ ಕೊನೆಗೆ ಅವರನ್ನು ಕಬಡ್ಡಿ ಅಂಕಣಕ್ಕೆ ಬಿಟ್ಟೆ.

ಅಂತರ ಕಾಲೇಜು ಕೂಟದಲ್ಲಿ ನಮ್ಮ ಖೋ ಖೋ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಆದರೆ ಹಿಂದಿನ ಸೀಟಿನ ಆ ಹುಡುಗಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಳು. ಅಂತರ ವಿಶ್ವವಿದ್ಯಾಲಯ ಕೂಟ ಹೊರ ರಾಜ್ಯದಲ್ಲಿತ್ತು, ನಾನು ಜೊತೆಗೆ ಹೋಗುವಂತಿರಲಿಲ್ಲ. ಹೊರಟ ದಿನ ರಾತ್ರಿ 10 ಗಂಟೆಗೆ ರೈಲಿನಿಂದ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಮೇಡಂರೀ, ಕಿಟಕಿ ತಗದೀನ್ರಿ. ಥಂಡಿ ಹತ್ತೇತಿ ಅಂತ ಎಲ್ಲಾರೂ ಬೈಯಾಕತ್ತಾರ. ಮುಚ್ಚಲೇನ್ರಿ?"

"ಸ್ವೆಟರ್ ಹಾಕ್ಕೋ ಅನ್ನು ಎಲ್ಲಾರಿಗೂ. ಕಿಟಕಿ ಮುಚ್ಚಬೇಡ" ಅಂದೆ.